ಕರಿಮೆಹಂದಿಯ ಪುಡಿಕೆಯಲ್ಲಿ ಏನಿದೆ?

ಚಾತುರ್ಮಾಸ ಮುಗಿದು ಲಗ್ನದ ಹಂಗಾಮು ಹತ್ತಿರ ಬಂತೆಂದರೆ ನಮ್ಮ ಸಾಂಗಲಿಯ ಗಣಪತಿ ಪೇಠೆಯಲ್ಲಿ ಕುಂಕುಮ, ಅರಿಷಿಣ, ಬಳೆ, ಅತ್ತರುಗಳ ಜೊತೆಗೆ ಇನ್ನೊಂದು ಸರಕಿಗೂ ಬೇಡಿಕೆ ಏರುತ್ತದೆ. ಅದು ತಲೆಗೂದಲಿಗೆ ಹಚ್ಚುವ ಕಪ್ಪು. ಐವತ್ತು ದಾಟಿದ ಬೀಗರು, ನಲವತ್ತು ದಾಟಿದ ತಾಯಂದಿರು, ಇತ್ತೀಚೆಗೆ ಇಪ್ಪತ್ತೈದರ ಹುಡುಗ ಹುಡುಗಿಯರೂ ಇದರ ಗಿರಾಕಿಗಳು. ಮುನಿಮಹಾರಾಜರ ಕೇಶಲೋಚವನ್ನು ಕೈಮುಗಿದು ನೋಡಿ ಬಂದು, ಸಂಜೆ ಕನ್ನಡಿಯ ಮುಂದೆ ಬ್ರಷ್ ಹಿಡಿದು ನಿಲ್ಲುವವರು ನಾವು. ಇದನ್ನು ಟೀಕೆಯೆಂದು ತಿಳಿಯಬಾರದು. ಸಂಸಾರಿಗಳಿಗೆ ಸಂಸಾರಿಗಳ ಆಸೆ ಇದ್ದೇ ಇರುತ್ತದೆ. ನಾನು ಬರೆಯಹೊರಟಿರುವುದು ಬೇರೆ ವಿಷಯ. ಆ ಪುಡಿಕೆಯೊಳಗಿನ ಪದಾರ್ಥ ಯಾವುದು, ಅದು ಕೆಲವರ ಮೈಗೆ ಏಕೆ ಒಗ್ಗುವುದಿಲ್ಲ, ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲೇ ಅಳೆಯಲು ಬರುತ್ತದೆಯೇ ಎಂಬುದು.

ನಾನು ಮ್ಯಾಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೆ ಅರಿಷಿಣ, ಕುಂಕುಮ, ಮೆಹಂದಿಗಳನ್ನು ನಲವತ್ತು ವರ್ಷ ತೂಗಿ ಮಾರಿದವನಿಗೆ ಬಣ್ಣ ಎಂಬುದು ಎಲ್ಲಿಂದ ಬರುತ್ತದೆ, ಎಲ್ಲಿ ಕಲಬೆರಕೆಯಾಗುತ್ತದೆ ಎಂಬ ಅಂದಾಜು ಇರುತ್ತದೆ. ಉಳಿದದ್ದನ್ನು ಮಿರಜದ ಚರ್ಮವೈದ್ಯರೊಬ್ಬರು ತಾಳ್ಮೆಯಿಂದ ತಿಳಿಸಿಕೊಟ್ಟರು. ಔಷಧ ಕಂಪನಿಯಲ್ಲಿರುವ ನನ್ನ ಅಳಿಯ ತಂದುಕೊಟ್ಟ ಕಾಗದಗಳನ್ನು ಶಬ್ದಕೋಶ ಪಕ್ಕಕ್ಕಿಟ್ಟುಕೊಂಡು ಓದಿದೆ.

ಇದಕ್ಕೆಲ್ಲ ಕಾರಣವಾದದ್ದು ನನ್ನ ತಂಗಿಯ ಮಗಳು. ಅವರ ಮನೆ ಮಿರಜದಲ್ಲಿ. ಹುಡುಗಿಗೆ ಇಪ್ಪತ್ತಾರನೆಯ ವಯಸ್ಸಿಗೇ ಕಿವಿಗಳ ಮೇಲ್ಭಾಗದಲ್ಲಿ ಬಿಳಿಕೂದಲು ಕಾಣಿಸಿಕೊಂಡಿದ್ದವು. ಜಯಸಿಂಗಪುರದ ಕಡೆಯ ಒಳ್ಳೆಯ ಮನೆತನದೊಂದಿಗೆ ಸಂಬಂಧ ಕೂಡಿ ಬಂದಿತ್ತು, ಗುರುವಾರ ಸಾಕರಪುಡಾ ಎಂದು ನಿಶ್ಚಯವಾಗಿತ್ತು. ಫೋಟೋದಲ್ಲಿ ಬಿಳಿಕೂದಲು ಕಾಣಬಾರದೆಂದು ಹಿಂದಿನ ಶನಿವಾರ ಸಂಜೆ ಕರಿಮೆಹಂದಿಯ ಒಂದು ಪುಡಿಕೆ ಕಲಸಿ ಹಚ್ಚಿಕೊಂಡಳು. ಪುಡಿಕೆಯ ಮೇಲೆ ಎಲೆಯ ಚಿತ್ರವಿತ್ತು, 'ಹರ್ಬಲ್' ಎಂದು ದೊಡ್ಡ ಅಕ್ಷರದಲ್ಲಿತ್ತು. ಅರ್ಧ ತಾಸಿನಲ್ಲಿ ಕೂದಲು ಕಾಡಿಗೆಯಂತೆ ಕಪ್ಪಾಯಿತು, ಎಲ್ಲರೂ ಸಂತೋಷಪಟ್ಟರು. ಭಾನುವಾರ ರಾತ್ರಿ ಕಿವಿಯ ಹಿಂದೆ ತುರಿಕೆ ಶುರುವಾಯಿತು. ಸೋಮವಾರ ಬೆಳಿಗ್ಗೆ ಏಳುವಷ್ಟರಲ್ಲಿ ಕಣ್ಣಿನ ರೆಪ್ಪೆಗಳು ಬಾತು ಎರಡೂ ಕಣ್ಣು ಮುಚ್ಚಿಹೋಗಿದ್ದವು. ಹಣೆಯ ಅಂಚು, ಕಿವಿ, ಕುತ್ತಿಗೆಯ ಹಿಂಭಾಗದಲ್ಲಿ ನೀರುಗುಳ್ಳೆ ಎದ್ದು ಸೋರುತ್ತಿದ್ದವು. ಆಶ್ಚರ್ಯವೆಂದರೆ ಬಣ್ಣ ಹಚ್ಚಿದ ನೆತ್ತಿಗೆ ಅಷ್ಟು ತೊಂದರೆಯಾಗಿರಲಿಲ್ಲ. ನೆತ್ತಿಯ ತೊಗಲು ದಪ್ಪ, ರೆಪ್ಪೆ ಕಿವಿಗಳ ತೊಗಲು ತೆಳುವು, ಹಾಗಾಗಿ ಬಾವು ಅಲ್ಲಿಯೇ ಹೆಚ್ಚು ಎಂದು ವೈದ್ಯರು ನಂತರ ಹೇಳಿದರು.

ತಂಗಿ ಫೋನಿನಲ್ಲಿ ಅಳುತ್ತಿದ್ದಳು. "ಅಣ್ಣಾ, ಗುರುವಾರಕ್ಕ ಮಂದಿ ಬರಾವ್ರು, ಹುಡುಗಿ ಮುಖಾನ ಗುರುತ ಸಿಗವಲ್ದು" ಎಂದಳು. ಕಾರ್ಯಕ್ರಮ ಮುಂದಕ್ಕೆ ಹಾಕದೆ ಗತಿಯಿರಲಿಲ್ಲ. ಮುಂದಕ್ಕೆ ಹಾಕಿದೆವು ಎಂದ ಕೂಡಲೇ ಊರಲ್ಲಿ ಮಾತು ಹುಟ್ಟಿತು. ಹುಡುಗಿಗೆ ತೊಗಲಿನ ಬ್ಯಾನಿ ಐತಂತ, ಮುಚ್ಚಿಟ್ಟು ಲಗ್ನಾ ಮಾಡಾಕ ಹತ್ತ್ಯಾರಂತ. ಈ ಮಾತು ಎರಡೇ ದಿನಕ್ಕೆ ಜಯಸಿಂಗಪುರವನ್ನು ಮುಟ್ಟಿತು. ನಮ್ಮ ವ್ಯಾಪಾರಸ್ಥರ ಸಮಾಜದಲ್ಲಿ ಧಾರಣೆಯ ಸುದ್ದಿಗಿಂತ ಇಂಥ ಸುದ್ದಿಗೆ ವೇಗ ಹೆಚ್ಚು.

ಮಿರಜ ಎಂದರೆ ವೈದ್ಯರ ಊರು. 1894 ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅವರು ಮಿಷನ್ ಆಸ್ಪತ್ರೆ ತೆರೆದಂದಿನಿಂದ ಅಥಣಿ, ಚಿಕ್ಕೋಡಿ, ವಿಜಯಪುರದವರೆಗಿನ ಕನ್ನಡ ಜನ ರೋಗಿಗಳನ್ನು ಕರೆದುಕೊಂಡು ಇಲ್ಲಿಗೇ ಬಂದಿದ್ದಾರೆ. 1962 ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆಯಿತು. ಹಾಗಾಗಿ ಚರ್ಮದ ತಜ್ಞರನ್ನು ಹುಡುಕಲು ಪುಣೆ ಮುಂಬಯಿಗೆ ಹೋಗಬೇಕಾಗಲಿಲ್ಲ. ವೈದ್ಯರು ಗುಳಿಗೆ ಕೊಟ್ಟು, ತಣ್ಣೀರಿನ ಬಟ್ಟೆ ಇಡಲು ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದರು: "ಈಕಿ ಸಣ್ಣಾಕಿ ಇದ್ದಾಗ ಕೈಮ್ಯಾಲ ಕರೀ ಮೆಹಂದಿ ಚಿತ್ರಾ ತಗಸಿದ್ರೇನು?" ತಂಗಿಗೆ ಥಟ್ಟನೆ ನೆನಪಾಯಿತು. ಹುಡುಗಿ ಒಂಬತ್ತು ವರ್ಷದವಳಿದ್ದಾಗ ಒಂದು ಜಾತ್ರೆಯಲ್ಲಿ ಅಂಗೈ ಹಿಂಭಾಗಕ್ಕೆ ಕಪ್ಪು ಚಿತ್ರ ಬಿಡಿಸಿಕೊಂಡಿದ್ದಳು. ಹತ್ತು ಹನ್ನೆರಡು ದಿನಕ್ಕೆ ಆ ಚಿತ್ರದ ಗೆರೆಗಳೇ ಕೆಂಪಾಗಿ ಉಬ್ಬಿದ್ದವು. ಯಾವುದೋ ಹುಳ ಮುಟ್ಟಿರಬೇಕೆಂದು ಎಣ್ಣೆ ಹಚ್ಚಿದ್ದರು, ಮಾಯವಾಗಿ ಹೋಗಿತ್ತು. ಹದಿನೇಳು ವರ್ಷದ ಹಿಂದೆ ಮೈ ಬರೆದಿಟ್ಟುಕೊಂಡ ಆ ಖಾತೆಯ ಬಾಕಿ ಈಗ ವಸೂಲಾಯಿತು ಎಂದು ನಾನು ಅರ್ಥಮಾಡಿಕೊಂಡೆ. ವೈದ್ಯರು ನಕ್ಕು, ನಿಮ್ಮ ಲೆಕ್ಕ ಸರಿಯಾಗಿದೆ ಎಂದರು.

ಆ ಪದಾರ್ಥದ ಹೆಸರು ಪ್ಯಾರಾ-ಫಿನೈಲೀನ್‌ಡೈಅಮೈನ್. ಬಾಯಿಗೆ ಬಾರದ ಹೆಸರು, ಆದ್ದರಿಂದ ಎಲ್ಲರೂ ಪಿ.ಪಿ.ಡಿ. ಎನ್ನುತ್ತಾರೆ. 1863 ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಕಂಡುಹಿಡಿದ. 1883 ರ ಹೊತ್ತಿಗೆ ಫ್ರಾನ್ಸಿನಲ್ಲಿ ಇದರಿಂದ ಕೂದಲಿಗೆ ಬಣ್ಣ ಕಟ್ಟುವ ಪೇಟೆಂಟ್ ಆಯಿತು. 1907 ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶುಲರ್ ಎಂಬವನು ತನ್ನ ಕೇಶವರ್ಣ ತಯಾರಿಸಿ ಕ್ಷೌರದಂಗಡಿಗಳಿಗೆ ಮಾರಲು ಹೊರಟ. ಇಂದಿನ ಲೋರಿಯಲ್ ಕಂಪನಿಯ ಮೂಲ ಅದೇ. ಕೂದಲಿಗೆ ಪಕ್ಕಾ ಕಪ್ಪು ಕೊಡುವ ಇಂದಿನ ಬಣ್ಣಗಳಲ್ಲಿ ಬಹುಪಾಲು, ಡಬ್ಬಿ ಸಾವಿರ ರೂಪಾಯಿಯದ್ದಿರಲಿ, ಪುಡಿಕೆ ಹತ್ತು ರೂಪಾಯಿಯದ್ದಿರಲಿ, ಇದರ ಮೇಲೆ ಅಥವಾ ಇದರ ದಾಯಾದಿಗಳ ಮೇಲೆ ನಿಂತಿವೆ.

ಅದು ಕೆಲಸ ಮಾಡುವ ರೀತಿ ಸ್ವಾರಸ್ಯವಾಗಿದೆ. ಪಿ.ಪಿ.ಡಿ.ಗೆ ಮೊದಲು ಬಣ್ಣವೇ ಇರುವುದಿಲ್ಲ ಎನ್ನಬಹುದು. ಅದರ ಕಣ ಬಹಳ ಚಿಕ್ಕದು, ಕೂದಲಿನೊಳಕ್ಕೆ ನುಸುಳಿ ಹೋಗುತ್ತದೆ. ಅಲ್ಲಿ ಪೆರಾಕ್ಸೈಡಿನ ಜೊತೆ ಸೇರಿ, ರಿಸಾರ್ಸಿನಾಲ್ ಮುಂತಾದ ಇತರ ಪದಾರ್ಥಗಳೊಂದಿಗೆ ಕೂಡಿಕೊಂಡು ದೊಡ್ಡ ಕಣವಾಗಿ ಕಪ್ಪಾಗುತ್ತದೆ. ದೊಡ್ಡದಾದ ಮೇಲೆ ಹೊರಗೆ ಬರಲಾರದು. ಆದ್ದರಿಂದಲೇ ತೊಳೆದರೂ ಹೋಗುವುದಿಲ್ಲ. ಕೂದಲಿಗೆ ನುಸುಳುವ ಚಿಕ್ಕ ಕಣ ತೊಗಲಿಗೂ ನುಸುಳುತ್ತದೆ, ತೊಂದರೆ ಇಲ್ಲಿಯೇ. ತೊಗಲಿನೊಳಗಿನ ಪ್ರೋಟೀನಿಗೆ ಅದು ಅಂಟಿಕೊಂಡರೆ ಮೈಯ ಕಾವಲುಗಾರರು ಇದು ಪರಕೀಯವೆಂದು ಗುರುತು ಹಾಕಿಕೊಳ್ಳುತ್ತಾರೆ. ಮೊದಲ ಸಲ ಏನೂ ಆಗದಿರಬಹುದು. ಗುರುತು ಒಮ್ಮೆ ಬಿತ್ತೆಂದರೆ ಮುಂದಿನ ಸಲ ಒಂದೆರಡು ದಿನದಲ್ಲಿ ಆ ಕಾವಲುಗಾರರೇ ದಂಗೆ ಎಬ್ಬಿಸುತ್ತಾರೆ. "ಹತ್ತು ವರ್ಷದಿಂದ ಹಚ್ಚಾಕತ್ತೀನಿ, ನನಗೇನೂ ಆಗಿಲ್ಲ" ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಹನ್ನೊಂದನೆಯ ವರ್ಷಕ್ಕೆ ಆ ಮಾತು ಜಾಮೀನಲ್ಲ.

ಹಾಗಾದರೆ ಇದನ್ನು ಏಕೆ ನಿಲ್ಲಿಸಲಿಲ್ಲ ಎಂದು ನನ್ನ ಹೆಂಡತಿ ಕೇಳಿದಳು. ನಿಲ್ಲಿಸಿ ನೋಡಿದ್ದಾರೆ. ಹಿಂದಿನ ಶತಮಾನದಲ್ಲಿ ಜರ್ಮನಿ, ಫ್ರಾನ್ಸ್, ಸ್ವೀಡನ್ ದೇಶಗಳು ಕೇಶವರ್ಣದಲ್ಲಿ ಪಿ.ಪಿ.ಡಿ.ಯನ್ನು ನಿಷೇಧಿಸಿದ್ದವು. ಆಮೇಲೆ ಯುರೋಪಿನವರು ಮಿತಿ ಹಾಕಿ ಒಪ್ಪಿಕೊಂಡರು. ಈಗ ಅಲ್ಲಿಯ ನಿಯಮದಂತೆ ತಲೆಗೆ ಹಚ್ಚುವ ಹೊತ್ತಿನ ಮಿಶ್ರಣದಲ್ಲಿ ಅದು ಶೇಕಡಾ 2 ನ್ನು ಮೀರಬಾರದು. ಅಮೆರಿಕೆಯಲ್ಲಿ 1933 ರ ಸುಮಾರಿಗೆ 'ಲ್ಯಾಶ್ ಲೂರ್' ಎಂಬ ಕಣ್ಣೆವೆಯ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡರು. ಆ ಗಲಭೆಯೂ ಸೇರಿ 1938 ರಲ್ಲಿ ಅಲ್ಲಿ ಸೌಂದರ್ಯ ಸಾಧನಗಳಿಗೆ ಕಾಯದೆ ಬಂತು. ನಮ್ಮ ದೇಶದ ಪುಡಿಕೆಗಳ ಮೇಲೂ ಹುಬ್ಬು, ಕಣ್ಣೆವೆಗಳಿಗೆ ಹಚ್ಚಬಾರದು, ಕುರುಡಾಗುವ ಸಂಭವವಿದೆ ಎಂಬ ಎಚ್ಚರಿಕೆ ಇರಬೇಕೆಂದು ಕಾನೂನಿದೆ. ಹಬ್ಬದ ದಿನ ಮೀಸೆಯ ಜೊತೆಗೆ ಹುಬ್ಬಿಗೂ ಒಂದು ಕೈ ಎಳೆದುಕೊಳ್ಳುವ ಗೃಹಸ್ಥರನ್ನು ನಾನು ಬಲ್ಲೆ.

ಈಗ ಅಪಾಯ ಅಳೆಯುವ ಮಾತಿಗೆ ಬರುತ್ತೇನೆ. ಇದರಲ್ಲಿ ವ್ಯಾಪಾರಸ್ಥರಿಗೆ ಬೇಗ ತಿಳಿಯುವಂಥದ್ದೇ ಹೆಚ್ಚಿದೆ. ಗೋದಾಮಿನಲ್ಲಿ ಮೆಣಸಿನಕಾಯಿಯ ನೂರು ಚೀಲಗಳಿರುತ್ತವೆ, ನಾವು ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತೇವೆ. ಅದೇ ಮೆಣಸಿನ ಒಂದು ಚಿಟಿಕೆ ಕಣ್ಣಿಗೆ ಬಿದ್ದರೆ ಕಥೆ ಬೇರೆ. ಪದಾರ್ಥದ ಉಗ್ರತೆ ಒಂದು, ಅದು ನಮ್ಮನ್ನು ಮುಟ್ಟುವ ರೀತಿ ಇನ್ನೊಂದು. ಇವೆರಡನ್ನೂ ಕೂಡಿಸಿದರೆ ಮಾತ್ರ ಅಪಾಯದ ಲೆಕ್ಕ ಬರುತ್ತದೆ. ಪಿ.ಪಿ.ಡಿ. ಉಗ್ರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಷ್ಟು ಪ್ರಮಾಣ, ಎಷ್ಟು ಜಾಗದ ಮೇಲೆ, ಎಷ್ಟು ಹೊತ್ತು, ಎಷ್ಟು ಸಲ, ತೊಳೆದರೋ ಇಲ್ಲವೋ ಎಂದು ಕೇಳಬೇಕು. ತಜ್ಞರು ಹೇಳುವ ಮುಖ್ಯ ಮಾತೆಂದರೆ ಒಟ್ಟು ತೂಕಕ್ಕಿಂತ ಒಂದು ಚದರ ಸೆಂಟಿಮೀಟರ್ ತೊಗಲಿನ ಮೇಲೆ ಎಷ್ಟು ಬಿತ್ತು ಎಂಬುದು ಹೆಚ್ಚು ಮಹತ್ವದ್ದು. ಒಂದು ಹಿಡಿ ಉಪ್ಪನ್ನು ಹಂಡೆಯ ಸಾರಿಗೆ ಹಾಕುವುದಕ್ಕೂ ಒಂದು ಸೌಟಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸ.

ಈ ಲೆಕ್ಕದಿಂದ ನೋಡಿದರೆ ನನ್ನ ತಂಗಿಯ ಮಗಳ ಸಂಗತಿ ಬಿಡಿಸಿದಂತೆ ತಿಳಿಯುತ್ತದೆ. ಪ್ರಮಾಣ ಹಿಡಿದು ತಯಾರಿಸಿದ ಬಣ್ಣವನ್ನು ಪೆರಾಕ್ಸೈಡ್ ಜೊತೆ ಕಲಸಿ ತಲೆಗೆ ಹಚ್ಚಿ ಅರ್ಧ ತಾಸಿಗೆ ತೊಳೆಯುತ್ತಾರೆ. ಪಿ.ಪಿ.ಡಿ.ಯ ಹೆಚ್ಚಿನ ಭಾಗ ದೊಡ್ಡ ಕಣವಾಗಿ ಮಾರ್ಪಟ್ಟಿರುತ್ತದೆ, ಉಳಿದದ್ದು ನೀರಿನೊಡನೆ ಹೋಗುತ್ತದೆ. ಆದರೆ ಜಾತ್ರೆಯ ಕರಿಮೆಹಂದಿಯನ್ನು ನೇರವಾಗಿ ತೊಗಲಿನ ಮೇಲೇ ಎಳೆಯುತ್ತಾರೆ, ಪೆರಾಕ್ಸೈಡ್ ಇಲ್ಲ, ತಾಸುಗಟ್ಟಲೆ ತೊಳೆಯುವುದಿಲ್ಲ, ಪ್ರಮಾಣ ದೇವರಿಗೇ ಗೊತ್ತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೇಟೆಯ ಕರಿಮೆಹಂದಿಯನ್ನು ಪರೀಕ್ಷಿಸಿ 2010 ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧ ಪ್ರತಿಶತಕ್ಕೂ ಕಡಿಮೆಯಿಂದ ಹಿಡಿದು ಶೇಕಡಾ 29 ರವರೆಗೆ ಪಿ.ಪಿ.ಡಿ. ಸಿಕ್ಕಿತ್ತು. ಶೇಕಡಾ 29! ಇದನ್ನು ಮೆಹಂದಿ ಎಂದು ಕರೆಯುವುದಾದರೂ ಹೇಗೆ? ಮಗುವಿನ ಕೈಮೇಲೆ ಬಿಡಿಸಿದ ಆ ಒಂದು ಹೂವಿನ ಚಿತ್ರ, ಮುಂದೆ ಇಡೀ ಆಯುಷ್ಯ ಕೂದಲಿಗೆ ಬಣ್ಣ ಹಚ್ಚದಂತೆ ಮಾಡಿತು. ಯುರೋಪಿನಲ್ಲಿ ಈಗ ಕೇಶವರ್ಣದ ಡಬ್ಬಿಯ ಮೇಲೆಯೇ, ಹಿಂದೆ ಎಂದಾದರೂ ಕರಿಮೆಹಂದಿಯ ಚಿತ್ರದಿಂದ ತೊಂದರೆಯಾಗಿದ್ದರೆ ಇದನ್ನು ಹಚ್ಚಬೇಡಿ ಎಂದು ಬರೆಯಬೇಕು.

ಪುಡಿಯ ಪುಡಿಕೆಗಳದ್ದೂ ಒಂದು ಲೆಕ್ಕ ಮಾಡೋಣ. 10 ಗ್ರಾಮಿನ ಪುಡಿಕೆಯಲ್ಲಿ ಶೇಕಡಾ 20 ರಷ್ಟು ಪಿ.ಪಿ.ಡಿ. ಇದೆಯೆಂದು ಉದಾಹರಣೆಗೆ ಹಿಡಿಯಿರಿ. ಅಂದರೆ 2 ಗ್ರಾಮ್. 30 ಗ್ರಾಮ್ ನೀರು ಹಾಕಿ ಕಲಸಿದರೆ ಒಟ್ಟು 40 ಗ್ರಾಮ್, ಅದರಲ್ಲಿ 2 ಗ್ರಾಮ್ ಎಂದರೆ ಶೇಕಡಾ 5. ಯುರೋಪಿನ ಮಿತಿಯ ಎರಡೂವರೆ ಪಟ್ಟು. ನೀರು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಿದರೆ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಅಳತೆಯ ಚಮಚ ಹಿಡಿದು ಯಾರು ಕಲಸುತ್ತಾರೆ?

ಒಂದು ಪದಾರ್ಥ ಎಷ್ಟು ಉಗ್ರ ಎಂಬುದನ್ನು ತಿಳಿಯಲು ಹಿಂದೆ ಗಿನಿ ಇಲಿಗಳ ಮೇಲೆ, ನಂತರ ಇಲಿಮರಿಗಳಂಥ ಚಿಕ್ಕ ಮೂಷಿಕಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಮೂಷಿಕದ ಕಿವಿಗೆ ಮೂರು ದಿನ ಪದಾರ್ಥ ಹಚ್ಚಿ, ಆಮೇಲೆ ಅದನ್ನು ಕೊಂದು, ಕಿವಿಯ ಹತ್ತಿರದ ಗಂಟಿನಲ್ಲಿ ಜೀವಕೋಶಗಳು ಎಷ್ಟು ಬೆಳೆದವು ಎಂದು ಎಣಿಸುವುದು. ಬೆಳವಣಿಗೆ ಮೂರು ಪಟ್ಟಾಗಲು ಎಷ್ಟು ಪ್ರತಿಶತ ದ್ರಾವಣ ಬೇಕಾಯಿತೋ ಅದೇ ಅಳತೆ. ಅಂಕಿ ಸಣ್ಣದಾದಷ್ಟು ಪದಾರ್ಥ ಉಗ್ರ. ಪಿ.ಪಿ.ಡಿ.ಗೆ ಒಂದು ಪ್ರತಿಶತದ ಸಣ್ಣ ಭಾಗವೇ ಸಾಕಾಯಿತು, ಹಾಗಾಗಿ ಅದನ್ನು ಅತ್ಯುಗ್ರ ವರ್ಗಕ್ಕೆ ಸೇರಿಸಿದರು. ಅದೇ ಬಣ್ಣದಲ್ಲಿರುವ ರಿಸಾರ್ಸಿನಾಲ್‌ಗೆ ಹಲವು ಪ್ರತಿಶತ ಬೇಕು. ಇದನ್ನು ಓದುವಾಗ ನನಗೆ ಊಟ ರುಚಿಸಲಿಲ್ಲ. ನಮ್ಮ ಬಿಳಿಕೂದಲು ಕಪ್ಪಾಗಲು ಎಷ್ಟು ಮೂಕಜೀವಿಗಳ ಬಲಿ!

ಸಮಾಧಾನದ ಸಂಗತಿಯೂ ಇದೆ. ಯುರೋಪಿನಲ್ಲಿ 2013 ರಿಂದ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯ ಸಾಧನಗಳ ಮಾರಾಟ ನಿಂತಿತು. ನಮ್ಮ ಭಾರತದಲ್ಲಿ 2014 ರಲ್ಲಿ ಮೊದಲು ಇಂಥ ಪರೀಕ್ಷೆಯನ್ನು, ಅದೇ ವರ್ಷ ಮುಂದೆ ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನು ನಿಷೇಧಿಸಿದರು. ಈಗ ಗಾಜಿನ ನಳಿಕೆಯಲ್ಲೇ ಕೆಲಸ ಸಾಗುತ್ತದೆ. ಪದಾರ್ಥ ಪ್ರೋಟೀನಿನ ತುಣುಕಿಗೆ ಅಂಟುತ್ತದೆಯೇ, ತೊಗಲಿನ ಜೀವಕೋಶಗಳು ಅದರಿಂದ ಬೆದರುತ್ತವೆಯೇ, ಸುದ್ದಿ ಮುಟ್ಟಿಸುವ ಕಾವಲು ಕೋಶಗಳು ಎಚ್ಚರಾಗುತ್ತವೆಯೇ, ಹೀಗೆ ಮೂರು ಬೇರೆ ಬೇರೆ ಪರೀಕ್ಷೆ. ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ಅದನ್ನೇ ತೀರ್ಪೆಂದು ಹಿಡಿಯುವ ಪದ್ಧತಿಗೆ ಓ.ಇ.ಸಿ.ಡಿ. ಎಂಬ ರಾಷ್ಟ್ರಗಳ ಒಕ್ಕೂಟ 2021 ರಲ್ಲಿ ಮಾನ್ಯತೆ ಕೊಟ್ಟಿತು. ಅಹಿಂಸೆಯಿಂದ ವಿಜ್ಞಾನ ಕುಂಟುತ್ತದೆ ಎನ್ನುವವರಿಗೆ ಇದನ್ನು ತೋರಿಸಬಹುದು.

ಇಲ್ಲಿ ನಮ್ಮ ತಾಯಂದಿರಿಗೆ ಒಂದು ಸೂಚನೆ. ಡಬ್ಬಿಯ ಮೇಲೆ ಮೊಲದ ಚಿತ್ರ ಇದ್ದರೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದರ್ಥ. ಹಸಿರು ಚುಕ್ಕೆ ಇದ್ದರೆ ಪ್ರಾಣಿಜನ್ಯ ವಸ್ತು ಇಲ್ಲ ಎಂದರ್ಥ. ಎರಡೂ ಒಳ್ಳೆಯವೇ, ನಾನೂ ನೋಡಿಯೇ ಕೊಳ್ಳುತ್ತೇನೆ. ಆದರೆ ಇವೆರಡೂ ನಿಮ್ಮ ತೊಗಲಿಗೆ ಒಗ್ಗುತ್ತದೆ ಎಂದು ಹೇಳುವುದಿಲ್ಲ. ಪಿ.ಪಿ.ಡಿ. ಶುದ್ಧ ಸಸ್ಯಾಹಾರಿಯೇ ಸರಿ, ಕಾರ್ಖಾನೆಯಲ್ಲಿ ಆದದ್ದು. 'ಅಮೋನಿಯಾ ಇಲ್ಲ' ಎಂಬ ಬರಹವೂ ಹಾಗೆಯೇ. ಅಮೋನಿಯಾ ಇಲ್ಲದಿದ್ದರೆ ಮೂಗಿಗೆ ನಾತ ಬಡಿಯುವುದಿಲ್ಲ ಅಷ್ಟೇ, ಪಿ.ಪಿ.ಡಿ. ಇರಬಾರದೆಂದೇನೂ ಇಲ್ಲ.

'ಹರ್ಬಲ್' ಎಂಬ ಶಬ್ದದ ಬಗ್ಗೆ ಮಾತ್ರ ನನಗೆ ನಿಜವಾಗಿ ಸಿಟ್ಟಿದೆ. ಮೆಹಂದಿ ಸೊಪ್ಪಿನ ಬಣ್ಣ ಕಿತ್ತಳೆಗೆಂಪು. ನಮ್ಮ ಅಜ್ಜಿಯಂದಿರ ಅಂಗೈ ನೋಡಿದ ಯಾರಿಗೂ ಇದು ಗೊತ್ತು. ಅದು ಏರಲು ತಾಸುಗಳು ಬೇಕು, ರಾತ್ರಿಯಿಡೀ ಕಟ್ಟಿಕೊಂಡು ಮಲಗುತ್ತಿದ್ದರು. ಬರೀ ಮೆಹಂದಿ ಎಂದೂ ಕಪ್ಪಾಗುವುದಿಲ್ಲ. ಅರ್ಧ ತಾಸಿನಲ್ಲಿ ಕಡುಗಪ್ಪಾಯಿತೆಂದರೆ ಅದರಲ್ಲಿ ಬೇರೆಯದಿದೆ ಎಂದು ಪೇಟೆಯ ಯಾವ ದಲಾಲನೂ ಹೇಳಿಯಾನು. ಸಸ್ಯದಿಂದಲೇ ಕಪ್ಪು ಬೇಕೆಂದರೆ ಮೆಹಂದಿ ಹಚ್ಚಿ ತೊಳೆದು, ಅದರ ಮೇಲೆ ನೀಲಿ ಗಿಡದ ಎಲೆಯ ಪುಡಿ ಹಚ್ಚಬೇಕು. ಎರಡು ಸರದಿಯ ಕೆಲಸ, ಅರ್ಧ ದಿನ ಹೋಗುತ್ತದೆ, ಬಣ್ಣವೂ ಅಷ್ಟು ಸಮನಾಗಿ ಬರುವುದಿಲ್ಲ.

ಅರಿಷಿಣದ ಊರಿನವರಾದ ನಮಗೆ ಈ ಮೋಸ ಹೊಸದಲ್ಲ. 2018 ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹರಿಪುರದ ಹಗೇವುಗಳಲ್ಲಿ ನೆಲದೊಳಗೆ ಅರಿಷಿಣ ತುಂಬಿಟ್ಟರೆ ವರ್ಷಗಟ್ಟಲೆ ಬಣ್ಣ ಮಾಸುತ್ತಿರಲಿಲ್ಲ. ಆ ಅರಿಷಿಣಕ್ಕೆ ಸುಣ್ಣದಂಥ ಕ್ಷಾರ ತಾಗಿಸಿದರೆ ಕೆಂಪಾಗುತ್ತದೆ, ಅದೇ ನಿಜವಾದ ಕುಂಕುಮ. ಅಗ್ಗದ ಕುಂಕುಮದಲ್ಲಿ ಆ ಕೆಂಪು ಕಾರ್ಖಾನೆಯ ಬಣ್ಣದಿಂದ ಬರುತ್ತದೆ. ಹಣೆಯಲ್ಲಿ ಕುಂಕುಮದ ಜಾಗ ತುರಿಸಿ ಕಪ್ಪಾಗಿರುವ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಅಂಟಿಸುವ ಟಿಕಲಿಯ ಅಂಟಿನಿಂದ ಬಿಳಿ ಕಲೆ ಬಿದ್ದವರೂ ಇದ್ದಾರೆ. ಅದೂ ತೊಗಲಿನ ರೋಗವೆಂದು ತಿಳಿದು ಸಂಬಂಧ ತಪ್ಪಿದ ಉದಾಹರಣೆಗಳು ಇಲ್ಲದಿಲ್ಲ.

ಮತ್ತೆ ನಮ್ಮ ಹುಡುಗಿಯ ವಿಷಯ. ಬಾವು ಇಳಿದು, ಗುಳಿಗೆ ನಿಲ್ಲಿಸಿ ಕೆಲವು ವಾರ ಕಳೆದ ಮೇಲೆ ವೈದ್ಯರು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿನ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಬಟ್ಟಲಿನಂಥ ಪಟ್ಟಿಗಳು, ಒಂದೊಂದರಲ್ಲಿ ಒಂದೊಂದು ಪದಾರ್ಥ. ಪಿ.ಪಿ.ಡಿ.ಯನ್ನು ವ್ಯಾಸಲೀನಿನಲ್ಲಿ ಬರೀ ಶೇಕಡಾ 1 ರಷ್ಟು ಕಲಸಿರುತ್ತಾರೆ. ಎರಡು ದಿನ ಸ್ನಾನವಿಲ್ಲದೆ ಇಟ್ಟುಕೊಂಡು ಬಿಚ್ಚಿ ನೋಡುತ್ತಾರೆ, ನಾಲ್ಕನೆಯ ದಿನ ಮತ್ತೆ ನೋಡುತ್ತಾರೆ. ಅವಳ ಬೆನ್ನಿನಲ್ಲಿ ಉಳಿದ ಜಾಗವೆಲ್ಲ ಸ್ವಚ್ಛ, ಪಿ.ಪಿ.ಡಿ.ಯ ಜಾಗ ಒಂದೇ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ತಂಗಿ ಆ ದಿನ ಬೀಗಿತಿಯನ್ನೂ ದವಾಖಾನೆಗೆ ಕರೆಸಿಕೊಂಡಿದ್ದಳು. ಇದು ಅವಳದೇ ಆಲೋಚನೆ. ನಾನು ಬೇಡವೆಂದಿದ್ದೆ, ಹೆಂಗಸರ ಬುದ್ಧಿಯೇ ಸರಿಯಾಗಿತ್ತು. ವೈದ್ಯರು ಬೆನ್ನು ತೋರಿಸಿ, ಇದು ಅಂಟುವ ರೋಗವಲ್ಲ, ಬಿಳುಪಲ್ಲ, ಕುಷ್ಠವಲ್ಲ, ಈ ಒಂದು ಪದಾರ್ಥ ದೂರವಿಟ್ಟರೆ ಈಕೆ ನಿಮ್ಮ ನಮ್ಮಂತೆಯೇ ಎಂದರು. ಬೀಗಿತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಬಿಳೀ ಕೂದಲಾ ಇರ್ಲಿ ಬಿಡ್ರಿ. ನನಗೂ ಇಪ್ಪತ್ತೆಂಟಕ್ಕ ಬಂದಿದ್ವು" ಎಂದರು. ಮಾಘದಲ್ಲಿ ಲಗ್ನವಾಯಿತು. ಹುಡುಗಿ ಬಿಳಿಕೂದಲಿನ ಮೇಲೆ ಮಲ್ಲಿಗೆ ದಂಡೆ ಮುಡಿದಿದ್ದಳು.

ಯುರೋಪಿನ ಐದು ದೇಶಗಳ ಸಾಮಾನ್ಯ ಜನರನ್ನು ಹೀಗೆ ಪರೀಕ್ಷಿಸಿದಾಗ ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ ಜನರಲ್ಲಿ ಈ ದೋಷ ಕಂಡಿತಂತೆ, ಶೇಕಡಾ 0.8. ಸಣ್ಣ ಸಂಖ್ಯೆ ಎನಿಸಬಹುದು. ಸಾವಿರ ಜನ ಸೇರಿದ ಪಂಚಕಲ್ಯಾಣದ ಮಂಟಪದಲ್ಲಿ ಎಂಟು ಜನ ಎಂದು ಲೆಕ್ಕ ಹಾಕಿದರೆ ಸಣ್ಣದೆನಿಸುವುದಿಲ್ಲ.

ಮನೆಯಲ್ಲಿ ಮಾಡಬೇಕಾದ ಪರೀಕ್ಷೆಯನ್ನು ಕಾನೂನೇ ಹೇಳಿದೆ. ಪುಡಿಕೆಯ ಒಳಗಿನ ಚೀಟಿಯಲ್ಲಿ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಅದು ಇರಲೇಬೇಕು. ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಯಲ್ಲಿ ಸಬೂನಿನಿಂದ ತೊಳೆದು, ಕಲಸಿದ ಬಣ್ಣವನ್ನು ಚೂರು ಹಚ್ಚಿ ಒಣಗಿಸಿ, 24 ತಾಸು ಬಿಟ್ಟು ನೋಡುವುದು. ಪ್ರತಿ ಸಲ ಹಚ್ಚುವ ಮುಂಚೆ ಮಾಡಬೇಕು, ಒಮ್ಮೆ ಮಾಡಿ ಬಿಡುವುದಲ್ಲ. ನಮ್ಮ ವೈದ್ಯರು ಎರಡು ಮಾತು ಸೇರಿಸಿದರು. ಈ ಅಲರ್ಜಿ ಎರಡು ಮೂರು ದಿನ ತಡವಾಗಿಯೂ ಏಳಬಹುದಾದ್ದರಿಂದ 48 ತಾಸು ಕಾಯುವುದು ಮೇಲು. ಇನ್ನೊಂದು, ಹಿಂದೆ ಒಮ್ಮೆ ಬಾವು ಬಂದವರು ಮನೆಯಲ್ಲಿ ಈ ಪರೀಕ್ಷೆಯನ್ನು ಮಾಡಲೇಬಾರದು, ವೈದ್ಯರ ಹತ್ತಿರ ಹೋಗಬೇಕು. ಈ ಮನೆಪರೀಕ್ಷೆ ಕೆಲವೊಮ್ಮೆ ಸುಳ್ಳು ಧೈರ್ಯ ಕೊಡಬಹುದು ಎಂದು ಯುರೋಪಿನ ವಿಜ್ಞಾನ ಸಮಿತಿ 2007 ರಲ್ಲಿಯೇ ಹೇಳಿತ್ತು. ಹಾಗೆಂದು ಬಿಡಬೇಕೆಂದಲ್ಲ, ಅದರ ಮೇಲೆ ಪೂರ್ತಿ ಭಾರ ಹಾಕಬಾರದು. ತುರಿಕೆ ಬಂದರೆ ಮೊದಲು ಧಾರಾಳ ನೀರಿನಿಂದ ತೊಳೆಯಬೇಕು. ಅದರ ಮೇಲೆ ನಿಂಬೆಹುಳಿ, ಅರಿಷಿಣ ಇತ್ಯಾದಿ ಹಚ್ಚಬಾರದು. ತುಟಿ ನಾಲಿಗೆ ಬಾತರೆ, ಉಸಿರು ಕಟ್ಟಿದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಪುಡಿಕೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹೊಟ್ಟೆಗೆ ಹೋದರೆ ಗಂಟಲು ಬಾತು, ಮೂತ್ರಪಿಂಡ ಕೆಡುವಷ್ಟು ವಿಷ ಅದು.

ಅಲರ್ಜಿ ಇದೆಯೆಂದು ತಿಳಿದವರು ಒಂದು ಚೀಟಿಯಲ್ಲಿ ಕೆಲವು ಹೆಸರು ಬರೆದಿಟ್ಟುಕೊಳ್ಳಬೇಕು. ಪಿ.ಪಿ.ಡಿ.ಯನ್ನು ಲೇಬಲ್ಲಿನ ಮೇಲೆ ಪ್ಯಾರಾ-ಫಿನೈಲೀನ್‌ಡೈಅಮೈನ್ ಎಂದೋ, 1,4-ಡೈಅಮೈನೋಬೆಂಜೀನ್ ಎಂದೋ, ಬರೀ ಸಿ.ಐ. 76060 ಎಂದೋ ಬರೆದಿರುತ್ತಾರೆ. ಅದರ ದಾಯಾದಿ ಟಾಲ್ವೀನ್-2,5-ಡೈಅಮೈನ್, ಪಿ.ಪಿ.ಡಿ. ಒಗ್ಗದವರಲ್ಲಿ ಎಷ್ಟೋ ಜನರಿಗೆ ಅದೂ ಒಗ್ಗುವುದಿಲ್ಲ. ದಂತವೈದ್ಯರು ಮರಗಟ್ಟಿಸಲು ಹಚ್ಚುವ ಬೆಂಜೊಕೇನ್, ಕೆಲವು ಸಲ್ಫಾ ಔಷಧಗಳು, ಕಪ್ಪು ರಬ್ಬರು, ಬಟ್ಟೆಯ ಕೆಲವು ಗಾಢ ಬಣ್ಣಗಳು, ಇವುಗಳಿಗೂ ಮೈ ಕೆಲವೊಮ್ಮೆ ಅದೇ ರೀತಿ ಉರಿದೇಳುತ್ತದೆ. ಅಳಿಯನ ಮನೆಗೆ ಹೋಗುವಾಗ ನನ್ನ ತಂಗಿಯ ಮಗಳು ಒಡವೆಯ ಪೆಟ್ಟಿಗೆಯಲ್ಲಿ ಈ ಚೀಟಿಯನ್ನೂ ಇಟ್ಟುಕೊಂಡು ಹೋದಳು.

ಅಂಗಡಿಯ ಮಾತು ಒಂದಿಷ್ಟು. ಕಳೆದ ವರ್ಷ ಒಬ್ಬ ಸೇಲ್ಸ್‌ಮನ್ ಕರಿಮೆಹಂದಿಯ ಕೋನ್‌ಗಳನ್ನು ತಂದಿದ್ದ. ತಯಾರಕರ ವಿಳಾಸವಿಲ್ಲ, ಒಳಗಿನ ಪದಾರ್ಥದ ಹೆಸರಿಲ್ಲ, ಎಚ್ಚರಿಕೆಯ ಚೀಟಿಯಿಲ್ಲ. 2020 ರ ಸೌಂದರ್ಯ ಸಾಧನಗಳ ನಿಯಮಗಳಲ್ಲೂ ಇವೆಲ್ಲ ಇರಲೇಬೇಕು. ಹತ್ತು ರೂಪಾಯಿಯ ಕೋನ್‌ಗೆ ಐದು ರೂಪಾಯಿ ನಮಗೇ ಉಳಿಯುತ್ತದೆ ಎಂದ. "ಸೇಠ್‌ಜೀ, ನೀವು ಇಡದಿದ್ದರ ಬಾಜೂ ಅಂಗಡಿಯಾವ್ರು ಇಡತಾರ" ಎಂದೂ ಹೇಳಿದ. ಅವನು ಹೇಳಿದ್ದು ನಿಜ, ಅವರು ಇಟ್ಟರು. ಆ ಲಗ್ನದ ಹಂಗಾಮಿನಲ್ಲಿ ನಮ್ಮ ಗಲ್ಲೆಗೆ ಬರಬೇಕಾಗಿದ್ದ ಎಷ್ಟೋ ಗಿರಾಕಿಗಳು ಕೋನ್ ಜೊತೆಗೆ ಬಳೆ ಕುಂಕುಮಗಳನ್ನೂ ಅಲ್ಲಿಯೇ ಕೊಂಡರು. ಮಗ ಮುಖ ಸಪ್ಪೆ ಮಾಡಿಕೊಂಡ. ಈಗ ನಾವು ವಿಳಾಸ, ಪದಾರ್ಥ, ಪರೀಕ್ಷೆಯ ಚೀಟಿ ಮೂರೂ ಇರುವ ಸರಕು ಮಾತ್ರ ಕೊಳ್ಳುತ್ತೇವೆ, ಅದರ ಹೆಸರುಗಳನ್ನು ಕನ್ನಡ ಮರಾಠಿಗಳಲ್ಲಿ ಬರೆದು ಗಲ್ಲೆಯ ಹತ್ತಿರ ಅಂಟಿಸಿದ್ದೇವೆ. ಓದುವವರು ಕಡಿಮೆ. ಓದಿದವರಲ್ಲಿ ಕೆಲವರು ಪುಡಿಕೆ ತಿರುಗಿಸಿ ನೋಡಿ ವಾಪಸು ಇಡುತ್ತಾರೆ.

ಅದನ್ನು ಮೊದಲು ಪೂರ್ತಿ ಓದಿದವರು ಮಿರಜ ಸ್ಟೇಷನ್ ಕಡೆಯ ಒಬ್ಬ ಸಲೂನಿನವರು. ಇಪ್ಪತ್ತು ವರ್ಷದಿಂದ ದಿನಕ್ಕೆ ಐದಾರು ತಲೆಗೆ ಬರಿಗೈಯಲ್ಲಿ ಬಣ್ಣ ಹಚ್ಚುವವರು. ಬೆರಳಿನ ಸಂದುಗಳು ಸೀಳಿ ರಕ್ತ ಒಸರುತ್ತಿದ್ದವು, ಸಬೂನಿನ ದೋಷವೆಂದು ತಿಳಿದಿದ್ದರು. ಅವರನ್ನು ಅದೇ ವೈದ್ಯರ ಹತ್ತಿರ ಕಳಿಸಿದೆ. ತೆಳುವಾದ ರಬ್ಬರಿನ ಕೈಗವಸು ಸಾಲದು, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಬಣ್ಣ ಕಲಸುವಾಗಲೂ ಗಿರಾಕಿಯ ತಲೆ ತೊಳೆಯುವಾಗಲೂ ಹಾಕಿಕೊಳ್ಳಿ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬೇಡಿ ಎಂದು ಅವರು ಹೇಳಿ ಕಳಿಸಿದರಂತೆ. ನೂರು ಕೈಗವಸಿನ ಒಂದು ಡಬ್ಬಿಯನ್ನು ಈಗ ಅವರು ಎರಡು ವಾರಕ್ಕೊಮ್ಮೆ ನಮ್ಮಲ್ಲಿಂದ ಒಯ್ಯುತ್ತಾರೆ. ಕೊಂಡ ದರಕ್ಕೇ ಕೊಡುತ್ತೇನೆ.